ಆಯೇರಿ ಡಬ್ಬಿಯ ಮೇಲಿನ ‘ಗಿಫ್ಟ್’

ತಿಕೋಟಾದಲ್ಲಿ ಅಕ್ಕನ ಮಗಳ ಮದುವೆ. ಆಯೇರಿ, ಅಂದರೆ ಮದುವೆ ಉಡುಗೊರೆಯ ಡಬ್ಬಿಗೆ ‘ಗಿಫ್ಟ್’ ಅಂತ ಚೀಟಿ ಅಂಟಿಸುತ್ತಿದ್ದೆ. ಜರ್ಮನ್ ಕಲಿಯುತ್ತಿರುವ ಮಗ, “ಅಪ್ಪಾ, ಜರ್ಮನ್‌ದಾಗ ಇದಕ್ಕ ವಿಷ ಅಂತಾರ” ಅಂದ. ಎದೆ ಧಸಕ್ಕೆಂದಿತು.

ಸ್ವೀಡಿಷ್‌ನಲ್ಲಂತೂ ಇದೇ ಪದಕ್ಕೆ ವಿಷ, ಮದುವೆಯಾದವರು, ಎರಡೂ ಅರ್ಥ! ಬೇರು ಒಂದೇ, ‘ಕೊಡು’. ನಾವೂ ಹೆಣ್ಣು ಕೊಡೋದು ಅಂತೀವಲ್ಲ, ಹಾಗೆ.

ವಿಷ ಎಲ್ಲಿಂದ ಬಂತು? ಗ್ರೀಕ್‌ನ ‘ಡೋಸಿಸ್’ ಅಂದರೆ ಕೊಡುವುದು, ಒಂದು ಸಲಕ್ಕೆ ಕೊಡುವ ಮದ್ದು. ನಮ್ಮ ‘ಡೋಸ್’ ಅದೇ. ಜರ್ಮನ್ನರು ಅದಕ್ಕೆ ತಮ್ಮ ‘ಗಿಫ್ಟ್’ ಬಳಸಿದರು. ಬರ್ತಾ ಬರ್ತಾ ಅದು ವಿಷಕ್ಕೇ ನಿಂತಿತು. ಹಳೆಯ ಅರ್ಥ ‘ಮಿಟ್‌ಗಿಫ್ಟ್’ನಲ್ಲಿ ಉಳಿದಿದೆ, ಅಂದರೆ ವರದಕ್ಷಿಣೆ.

ದ್ರಾಕ್ಷಿಗೆ ಹೊಡೆಯುವ ವಿಷವನ್ನು ನಮ್ಮೂರಲ್ಲೂ ‘ಔಷಧ’ ಅಂತಾರೆ, ಅಲ್ವಾ?

ಚೀಟಿ ಕಿತ್ತು ‘ಆಯೇರಿ’ ಅಂತ ಬರೆದೆ.