ಫ್ರಿಜ್ಜಿನ ಕಪಾಟು, ಸಾಸಿವೆಯ ಚೀಟಿ, ಬಾಡಿಗೆ ರೂಮು

ಜರ್ಮನಿಯ ಮಾರ್ಬುರ್ಗ್‌ಗೆ ಮೊದಲ ಸಲ ಬಂದಿಳಿದ ಮಲೆನಾಡಿನವರಿಗೆ ಊರು ತೀರಾ ಹೊಸದು ಅನ್ನಿಸುವುದಿಲ್ಲ. ಗುಡ್ಡದ ನೆತ್ತಿಯಲ್ಲಿ ಕೋಟೆ, ಬುಡದಲ್ಲಿ ಲಾನ್ ಹೊಳೆ, ಸುತ್ತ ಕಾಡು, ಎಲ್ಲಿಗೆ ಹೊರಟರೂ ಏರು ಇಲ್ಲವೇ ಇಳಿಜಾರು. ಹಳೇ ಪೇಟೆಗೆ ಹತ್ತಲು ಲಿಫ್ಟ್ ಹಾಕಿಸಿಕೊಂಡಿದ್ದಾರೆ ಎನ್ನುವುದು ಮಾತ್ರ ತೀರ್ಥಹಳ್ಳಿ, ಕೊಪ್ಪದವರಿಗೆ ಹೊಟ್ಟೆಕಿಚ್ಚು ತರಿಸುವ ಸಂಗತಿ. ಮುಕ್ಕಾಲು ಲಕ್ಷದ ಆಸುಪಾಸಿನ ಊರಿಗೆ 20 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು. ವಿಶ್ವವಿದ್ಯಾಲಯ ಶುರುವಾದದ್ದು 1527ರಲ್ಲಿ. ಅದಾಗಿ ಎರಡೇ ವರ್ಷಕ್ಕೆ, ಲೂಥರ್ ಮತ್ತು ಜ್ವಿಂಗ್ಲಿ ಎಂಬ ಇಬ್ಬರು ಕ್ರೈಸ್ತ ಸುಧಾರಕರನ್ನು ಇದೇ ಕೋಟೆಯಲ್ಲಿ ಕೂರಿಸಿ ರಾಜಿ ಮಾಡಿಸಲು ಅಲ್ಲಿಯ ದೊರೆ ಹೊರಟ. 15 ಅಂಶಗಳಲ್ಲಿ 14ಕ್ಕೆ ಇಬ್ಬರೂ ಒಪ್ಪಿದರು. ಕೊನೆಯದರಲ್ಲಿ, ಪ್ರಭುಭೋಜನದ ರೊಟ್ಟಿ ಮತ್ತು ದ್ರಾಕ್ಷಾರಸದ ಅರ್ಥವೇನು ಎಂಬಲ್ಲಿ, ಮಾತು ಮುರಿಯಿತು. ಐನೂರು ವರ್ಷ ಕಳೆದರೂ ಇಲ್ಲಿಯ ವಿದ್ಯಾರ್ಥಿನಿಲಯಗಳ ಜಗಳ ತಟ್ಟೆಯ ಸುತ್ತಲೇ ತಿರುಗುತ್ತದೆ.

ಸೌಹಾರ್ದ ಕಾರ್ಯಕ್ರಮ ಎಂದರೆ ಶಿವಮೊಗ್ಗದಲ್ಲಿ ಶಾಮಿಯಾನ, ಮೂರು ಧರ್ಮದ ಮೂವರು ಗುರುಗಳು, ಶಾಲು, ಹಾರ, ಫೋಟೊ. ಜರ್ಮನಿಯಲ್ಲೂ ಅಂಥದ್ದಿದೆ. ಚರ್ಚುಗಳು ಮುಂದಾಗಿ 1975ರಲ್ಲಿ ಶುರುಮಾಡಿದ ಅಂತರ್‌ಸಂಸ್ಕೃತಿ ವಾರ ಪ್ರತಿ ವರ್ಷ ಸೆಪ್ಟೆಂಬರ್ ಕೊನೆಗೆ ಬರುತ್ತದೆ, ನೂರಾರು ಊರುಗಳಲ್ಲಿ ನಡೆಯುತ್ತದೆ. ಒಳ್ಳೆಯದೇ. ಆದರೆ ವರ್ಷದ ಉಳಿದ 51 ವಾರ ಜನ ಒಟ್ಟಿಗೆ ಬಾಳುವುದು ಅಡುಗೆಮನೆಯಲ್ಲಿ, ಬಾಡಿಗೆ ಮನೆಯಲ್ಲಿ, ಬಸ್ಸಿನಲ್ಲಿ. ಕೆಲಸ ಆಗಬೇಕಾದದ್ದೂ ಅಲ್ಲೇ.

ಅಡುಗೆಮನೆಯಿಂದ ಶುರುಮಾಡೋಣ. ಎಂಟು ಹತ್ತು ಜನಕ್ಕೆ ಒಂದು ಅಡುಗೆಮನೆ, ಒಬ್ಬೊಬ್ಬರಿಗೆ ಫ್ರಿಜ್ಜಿನ ಒಂದೊಂದು ಕಪಾಟು. ಮೊದಲ ವಾರ ಎಲ್ಲರೂ ಸಂಭಾವಿತರು. ಮೂರನೇ ವಾರ ಯಾರದೋ ಬಾಣಲೆಯಲ್ಲಿ ಹಂದಿಮಾಂಸ ಹುರಿದಿರುತ್ತದೆ, ಯಾರದೋ ದೋಸೆಹಿಟ್ಟು ಉಕ್ಕಿ ಇನ್ಯಾರದೋ ಚೀಸಿನ ಮೇಲೆ ಇಳಿದಿರುತ್ತದೆ. ಅದಕ್ಕೇ ಮೊದಲ ವಾರದಲ್ಲೇ ಇಪ್ಪತ್ತು ನಿಮಿಷ ಕೂತು ಮೂರೇ ಪ್ರಶ್ನೆ ಕೇಳಿಕೊಳ್ಳಬೇಕು: ನೀವು ಏನು ತಿನ್ನುವುದಿಲ್ಲ, ನಿಮ್ಮ ಪಾತ್ರೆಗೆ ಏನು ತಾಗಬಾರದು, ಎಷ್ಟು ಹೊತ್ತಿಗೆ ಮಲಗುತ್ತೀರಿ. 'ಯಾಕೆ' ಎಂದು ಕೇಳಬಾರದು. ಯಾಕೆ ಎಂದ ಕೂಡಲೇ ಒಬ್ಬರ ನಂಬಿಕೆ ಉಳಿದವರೆದುರು ಪರೀಕ್ಷೆಗೆ ಕೂರುತ್ತದೆ. ಉತ್ತರ ಕೊಡಲು ಬಾರದವರು ಮುಂದಿನ ತಿಂಗಳಿಂದ ರೂಮಿನಲ್ಲೇ ಒಬ್ಬರೇ ಉಣ್ಣತೊಡಗುತ್ತಾರೆ.

ಹಸಿ ಮಾಂಸ, ಮೀನು ಯಾವಾಗಲೂ ಕೆಳಗಿನ ಕಪಾಟಿಗೆ. ಮೇಲಿಟ್ಟರೆ ಕರಗಿದ ನೀರು ಕೆಳಗಿನ ಮೊಸರಿಗೆ ತೊಟ್ಟಿಕ್ಕುತ್ತದೆ. ಇದು ಶುಚಿತ್ವದ ನಿಯಮವಾದ್ದರಿಂದ ಯಾರನ್ನೂ ಬೊಟ್ಟುಮಾಡಿದಂತಾಗುವುದಿಲ್ಲ. ಇಂಥ ನಿಯಮಗಳೇ ಬಾಳಿಕೆ ಬರುವುದು. ಸ್ಟೀಲ್ ಪಾತ್ರೆ ತೊಳೆದರೆ ಬಹಳ ಜನರಿಗೆ ಸಾಕು. ಮರದ ಸೌಟು, ನಾನ್‌ಸ್ಟಿಕ್ ಕಾವಲಿ ಮಾತ್ರ ವಾಸನೆ ಬಿಡುವುದಿಲ್ಲ, ಅವು ಸ್ವಂತದ್ದಿರಲಿ, ಹಿಡಿಗೆ ಬಣ್ಣದ ಟೇಪ್ ಸುತ್ತಿರಲಿ. ಪಾತ್ರೆ ತೊಳೆಯುವ ಸ್ಪಂಜನ್ನು ಎಲ್ಲರೂ ಮರೆಯುತ್ತಾರೆ. ಎರಡು ಬಣ್ಣದ್ದು ಇಡಿ. ದೋಸೆಹಿಟ್ಟನ್ನು ಪಾತ್ರೆಯ ಅರ್ಧಕ್ಕಿಂತ ಮೇಲೆ ತುಂಬಬೇಡಿ. ಇಲ್ಲಿಯ ಚಳಿಗೆ ಅದು ಹುಳಿಯಲು ಒಂದು ರಾತ್ರಿ ಸಾಲದು, ಓವನ್ನಿನ ದೀಪ ಮಾತ್ರ ಹಾಕಿ ಒಳಗಿಟ್ಟರೆ ಆ ಬಿಸಿಗೆ ಬರುತ್ತದೆ.

ಇನ್ನು ಒಗ್ಗರಣೆ. ಒಣಮೆಣಸು ಕರಟಿದರೆ ಹೊಗೆ ಅಲಾರಂ ಕಿರುಚುತ್ತದೆ. ಕೆಲವು ಕಟ್ಟಡಗಳಲ್ಲಿ ಅದು ಸೀದಾ ಅಗ್ನಿಶಾಮಕದವರಿಗೆ ಜೋಡಣೆಯಾಗಿರುತ್ತದೆ, ಬಂಡಿ ಬಂದರೆ ಬಿಲ್ಲೂ ಬರಬಹುದು. ಕಿಟಕಿ ತೆರೆದು, ಓಣಿಯ ಕಡೆಯ ಬಾಗಿಲು ಮುಚ್ಚಿ, ಸಾಸಿವೆ ಸಿಡಿದ ಮೇಲೆ ಉರಿ ಆರಿಸಿ, ಆಮೇಲೆ ಮೆಣಸು ಹಾಕಿ ಮುಚ್ಚಳ ಮುಚ್ಚಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ, ಮತ್ತು ಭಾನುವಾರ ಇಡೀ ದಿನ, ಸದ್ದು ಮಾಡಬಾರದ ಹೊತ್ತು. ಭಾನುವಾರ ಬೆಳಗ್ಗೆ ಮಿಕ್ಸಿ ತಿರುಗಿಸಿದವರ ಬಗ್ಗೆ ಪಕ್ಕದ ಮನೆಯವರು ಕಟ್ಟಿಕೊಳ್ಳುವ ಅಭಿಪ್ರಾಯ ಇಡೀ ದೇಶದ ಮೇಲೆ ಬೀಳುತ್ತದೆ. ಅನ್ಯಾಯವೇ, ಆದರೂ ಬೀಳುತ್ತದೆ.

ಎಲ್ಲ ದೇಶದವರೂ ಒಂದೊಂದು ತಿಂಡಿ ತರುವ ಸಂಜೆಗಳಲ್ಲಿ ನಮ್ಮವರು ಎಡವುವುದು ರುಚಿಯಲ್ಲಲ್ಲ, ಚೀಟಿಯಲ್ಲಿ. ಯುರೋಪಿನ ಆಹಾರ ನಿಯಮದ ಪ್ರಕಾರ 14 ಅಲರ್ಜಿ ಪದಾರ್ಥಗಳಿವೆ. ಅಂಗಡಿ, ಹೋಟೆಲಿನವರು 2014ರ ಡಿಸೆಂಬರ್‌ನಿಂದ ಅವನ್ನು ಹೇಳಲೇಬೇಕು, ವಿದ್ಯಾರ್ಥಿಗಳ ಮೇಜಿಗೂ ಅದೇ ರೂಢಿ ಬಂದಿದೆ. ಅದರಲ್ಲಿ ಸಾಸಿವೆ ಇದೆ, ಮಾರಾಯ್ರೆ! ಎಳ್ಳು, ಶೇಂಗಾ, ಗೋಡಂಬಿ, ಹಾಲು, ಗೋಧಿಯೂ ಇವೆ. ತೆಂಗಿನಕಾಯಿ ಇಲ್ಲ. ಅಂದರೆ ನಮ್ಮ ಒಗ್ಗರಣೆ ಬಿದ್ದ ಪ್ರತಿ ಪದಾರ್ಥಕ್ಕೂ ಚೀಟಿ ಬೇಕು. ಇನ್ನೊಂದು ಯಾರ ಕಣ್ಣಿಗೂ ಬೀಳದ್ದು ಇಂಗು: ಡಬ್ಬಿಯಲ್ಲಿ ಬರುವ ಕೂಟು ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿಹಿಟ್ಟು ಬೆರೆತಿರುತ್ತದೆ. ಅಕ್ಕಿಯದು, ಗ್ಲುಟೆನ್ (ಗೋಧಿಯ ಅಂಟು) ಇಲ್ಲ ಎಂದು ಧೈರ್ಯವಾಗಿ ಬಡಿಸಿದ ತಿಂಡಿಯಿಂದ ಒಬ್ಬರ ಹೊಟ್ಟೆ ಕೆಡುವುದು ಹೀಗೆ.

ಎಲ್ಲರೂ ಮುಟ್ಟಬಹುದಾದ ಒಂದು ಪಾತ್ರೆಯಾದರೂ ಮೇಜಿನ ಮೇಲಿರಲಿ. ಅದಕ್ಕೆ ಮಲೆನಾಡಿನ ಕಡುಬಿಗಿಂತ ಒಳ್ಳೆಯದು ಹುಡುಕಿದರೂ ಸಿಗಲಿಕ್ಕಿಲ್ಲ: ಅಕ್ಕಿತರಿ, ನೀರು, ಉಪ್ಪು, ಅಷ್ಟೆ. ಒಂದು ಕೆಜಿ ತರಿಗೆ ಎರಡರಿಂದ ಎರಡೂವರೆ ಲೀಟರ್ ನೀರು, ಗಂಟಾಗದಂತೆ ಮಗುಚಿ, ಕೈ ಒದ್ದೆ ಮಾಡಿಕೊಂಡು 50 ಗ್ರಾಂನಷ್ಟು ಉಂಡೆ ಕಟ್ಟಿದರೆ ಸುಮಾರು 60 ಆಗುತ್ತವೆ. ಹಬೆಯಲ್ಲಿ 15ರಿಂದ 20 ನಿಮಿಷ. 40 ಜನಕ್ಕೆ ಒಂದೂವರೆ ಕೆಜಿ ಧಾರಾಳ. ತರಿ ಸಿಗದಿದ್ದರೆ ಅಕ್ಕಿ ಅರ್ಧ ಗಂಟೆ ನೆನೆಸಿ, ಬಟ್ಟೆಯ ಮೇಲೆ ಆರಿಸಿ, ಮಿಕ್ಸಿಯಲ್ಲಿ ತಡೆತಡೆದು ಒಡೆಯಿರಿ (ಭಾನುವಾರ ಬೇಡ). ಕಾಯಿಚಟ್ನಿಗೆ ಒಗ್ಗರಣೆ ಹಾಕದೆ ಒಂದು ಬಟ್ಟಲು, ಹಾಕಿದ್ದು ಬೇರೆ ಬಟ್ಟಲು. ಮುಸ್ಲಿಮರು, ಯಹೂದಿಗಳು, ಜೈನರು, ಹಾಲು ಒಗ್ಗದವರು, ಪ್ರಾಣಿಜನ್ಯ ಯಾವುದನ್ನೂ ತಿನ್ನದ ಜರ್ಮನ್ ಹುಡುಗಿ, ಬಹುತೇಕ ಎಲ್ಲರೂ ಅದೊಂದೇ ಪಾತ್ರೆಗೆ ಕೈ ಹಾಕಬಹುದು. ಬಡಿಸುವ ಸೌಟು ಮಾತ್ರ ಪಕ್ಕದ ಪಾತ್ರೆಗೆ ಹೋಗಿಬರದಂತೆ ಒಬ್ಬರು ಕಾಯಬೇಕು. ಊರಿಂದ ತುಪ್ಪ, ಪೇಡ ಹೊತ್ತು ತರುವ ಯೋಚನೆ ಬಿಡಿ. ಹಾಲಿನ, ಮಾಂಸದ ಪದಾರ್ಥಗಳನ್ನು ಹೊರದೇಶದಿಂದ ಲಗೇಜಿನಲ್ಲಿ ತರಲು ಇಲ್ಲಿ ಬಿಡುವುದಿಲ್ಲ. ಹಸಿ ಕರಿಬೇವು, ವೀಳ್ಯದೆಲೆಯೂ ಕಾಗದಪತ್ರ ಇಲ್ಲದೆ ಒಳಗೆ ಬರುವಂತಿಲ್ಲ.

ದಿನ ಗೊತ್ತುಮಾಡುವುದೂ ಒಂದು ವಿದ್ಯೆ. ಶುಕ್ರವಾರ ಮಧ್ಯಾಹ್ನ ನಮಾಜು, ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ ಯಹೂದಿಗಳ ಸಬ್ಬತ್, ಭಾನುವಾರ ಬೆಳಗ್ಗೆ ಚರ್ಚು. ಮಂಗಳವಾರದಿಂದ ಗುರುವಾರದ ಸಂಜೆಗಳು ಕ್ಷೇಮ. ರಂಜಾನ್ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ, ಆದ್ದರಿಂದ ಹೋದ ವರ್ಷದ ಪಟ್ಟಿ ಈ ವರ್ಷಕ್ಕೆ ಬಾರದು. ಗುಡ್ ಫ್ರೈಡೇ ದಿನ ಮಾರ್ಬುರ್ಗ್ ಇರುವ ಹೆಸ್ಸೆನ್ ರಾಜ್ಯದಲ್ಲಿ ಸಾರ್ವಜನಿಕ ಕುಣಿತಕ್ಕೆ ಕಾನೂನಿನ ತಡೆಯೇ ಇದೆ. ದೀಪಾವಳಿ ಕೆಲವು ವರ್ಷ ನವೆಂಬರ್ ಮೊದಲ ದಿನಗಳಿಗೆ ಬೀಳುತ್ತದೆ. ಆಗ 9ನೇ ತಾರೀಕನ್ನು ಬಿಟ್ಟುಬಿಡಿ. 1938ರ ಅದೇ ರಾತ್ರಿ ಜರ್ಮನಿಯಾದ್ಯಂತ ಯಹೂದಿಗಳ ಮಂದಿರಗಳಿಗೆ ಬೆಂಕಿ ಇಟ್ಟರು, ಮಾರ್ಬುರ್ಗ್‌ನದ್ದೂ ಉರಿಯಿತು. ಆ ಜಾಗದಲ್ಲೀಗ ನೆನಪಿನ ತೋಟವಿದೆ. ಪಟಾಕಿಯಂತೂ ಹೊಸವರ್ಷದ ಮುನ್ನಾದಿನ ಮತ್ತು ಹೊಸವರ್ಷದ ದಿನ ಬಿಟ್ಟರೆ ವಿಶೇಷ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. ಸುರಸುರಬತ್ತಿಗೆ ಅಡ್ಡಿಯಿಲ್ಲ.

ರಂಗೋಲಿಯ ವಿಷಯ ಇನ್ನೂ ಸೂಕ್ಷ್ಮ. ಸ್ವಸ್ತಿಕ ನಮಗೆ ಮಂಗಳದ ಗುರುತು. ಇಲ್ಲಿ ಅದು ಲಕ್ಷಾಂತರ ಜನರ ಸಾವಿನ ಗುರುತು, ನಾಜಿ ಚಿಹ್ನೆಯ ಪ್ರದರ್ಶನ ಅಪರಾಧ. ಪೂಜೆಗೆ ಬರೆದದ್ದನ್ನು ಕಾನೂನು ಬೇರೆಯಾಗಿ ನೋಡಬಹುದು, ಆದರೆ ದಾರಿಯಲ್ಲಿ ಹೋಗುವ ಮುದುಕಿಗೆ ಆ ವಿವರಣೆ ಕೊಡಲು ಬಾಗಿಲಲ್ಲಿ ಯಾರೂ ನಿಂತಿರುವುದಿಲ್ಲ. ಪೋಸ್ಟರಿಗೆ, ಹೊರಬಾಗಿಲಿಗೆ ಅದು ಬೇಡ. ಅದರ ಬದಲು ಸಾಗರ, ಸೊರಬದ ದೀವರ ಹೆಂಗಸರ ಹಸೆ ಚಿತ್ತಾರ ಬರೆಯಿರಿ. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಪುಂಡಿನಾರಿನ ಕುಂಚ. ಕೆಮ್ಮಣ್ಣು ಇಲ್ಲದ ಕಡೆ ಕಂದು ಕಾಗದ ಸಾಕು. ಬರೆಯಲು ನಾಲ್ಕು ಜನ ಬೇಕು, ಎರಡು ಗಂಟೆ ಬೇಕು. ಒಟ್ಟಿಗೆ ಕೂತು ಗೆರೆ ಎಳೆಯುವಾಗ ಜನ ಆಡುವಷ್ಟು ಮಾತು ಯಾವ ವಿಚಾರ ಸಂಕಿರಣದಲ್ಲೂ ಆಡುವುದಿಲ್ಲ.

ಭಾಷಾ ಮೇಜು ಎಂಬ ಪದ್ಧತಿಯನ್ನು ಕುವೆಂಪು ವಿಶ್ವವಿದ್ಯಾಲಯವಿರುವ ಶಂಕರಘಟ್ಟಕ್ಕೆ ಹಾಗೆಯೇ ಎತ್ತಿಕೊಂಡು ಹೋಗಬಹುದು. ಒಂದು ಮೇಜಿಗೆ ಐದಾರು ಜನ, ಒಬ್ಬ ಆತಿಥೇಯ, ಅರ್ಧ ಗಂಟೆ ನಿಮ್ಮ ಭಾಷೆ, ಅರ್ಧ ಗಂಟೆ ನನ್ನ ಭಾಷೆ, ಗಡಿಯಾರ ಇಟ್ಟು. ಗಡಿಯಾರ ಇಲ್ಲದಿದ್ದರೆ ಹತ್ತೇ ನಿಮಿಷಕ್ಕೆ ಎಲ್ಲರೂ ಇಂಗ್ಲಿಷಿಗೆ ಜಾರುತ್ತಾರೆ, ಇಂಗ್ಲಿಷ್ ಬಾರದವರು ಮೊಬೈಲಿಗೆ ಜಾರುತ್ತಾರೆ. ಕನ್ನಡ ಕಲಿಸುವವರು ವ್ಯಾಕರಣದಿಂದ ಶುರುಮಾಡಬೇಡಿ, ಹನ್ನೆರಡು ವಾಕ್ಯ ಸಾಕು: ಬಸ್ಸು ಎಷ್ಟು ಹೊತ್ತಿಗೆ, ಚಿಲ್ಲರೆ ಕೊಡಿ, ಖಾರ ಕಡಿಮೆ ಹಾಕಿ. ಮೊದಲ ಮೂರು ತಿಂಗಳು 'ನೀವು' ಮಾತ್ರ ಕಲಿಸಿ. ಗೆಳೆಯರಿಂದ ಕೇಳಿದ 'ನೀನು' ಕಂಡಕ್ಟರ್ ಮೇಲೆ ಪ್ರಯೋಗವಾದ ದಿನ ಆಗುವ ರಂಪಕ್ಕೆ ಹೊಸಬರು ಹೊಣೆಯಲ್ಲ. ಮಲೆನಾಡಿಗೆ ಇದೇನು ಹೊಸತೂ ಅಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಬಂದ ತಮಿಳು, ತೆಲುಗು, ಮಲಯಾಳದವರ ಮನೆಗಳು, ಮತ್ತೂರಿನ ಸಂಕೇತಿ, ಸಾಗರದ ಹವ್ಯಕ, ಉರ್ದು, ಲಂಬಾಣಿ, ಕೊಂಕಣಿ ಎಲ್ಲ ಐವತ್ತು ಅರವತ್ತು ಮೈಲಿಯೊಳಗೇ ಇವೆ.

ಮೇಜಿನ ಮೇಲೆ ಆಡಬಾರದ ಪ್ರಶ್ನೆ ಒಂದಿದೆ. ಇಲ್ಲಿ ಹುಟ್ಟಿ ಬೆಳೆದ ಕಪ್ಪು ಬಣ್ಣದ ಹುಡುಗನಿಗೆ 'ಹಾಗಲ್ಲ, ನಿಜವಾಗಿ ಎಲ್ಲಿಯವನು' ಎಂದು ಕೇಳುತ್ತಾರೆ. ನಮ್ಮವರು ಅದನ್ನು ಕೇಳಿ ಮರುಗುತ್ತಾರೆ, ಹಾಗೆ ಮರುಗಿದವರೇ ಹೊಸದಾಗಿ ಬಂದ ಕನ್ನಡದ ಹುಡುಗಿಗೆ ಚಹಾ ಕೊಡುತ್ತಾ 'ನಿಮ್ಮದು ಯಾವ ಪೈಕಿ' ಎನ್ನುತ್ತಾರೆ. ಎರಡೂ ಒಂದೇ ಪ್ರಶ್ನೆ. ಮನೆಗೆ ಬಂದವರಿಗೆ ನೀರು ಬೆಲ್ಲ ಕೊಟ್ಟು 'ಆಸರಿಗೆ ಬೇಕಾ' (ಕುಡಿಯಲು ಏನಾದರೂ ಬೇಕಾ) ಎಂದು ಕೇಳಿದರೆ ಸಾಕಲ್ಲ.

ಮಾತಿಗೆ ವಿಷಯ ಬೇಕಿದ್ದರೆ ಮಂಗನ ಕಾಯಿಲೆ ಎತ್ತಿಕೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಉಣುಗಿನಿಂದ ಹರಡುವ ಜ್ವರಕ್ಕೆ ಕ್ಯಾಸನೂರಿನ ಹೆಸರೇ ನಿಂತಿತು. 1967ರಲ್ಲಿ ಉಗಾಂಡದಿಂದ ತಂದ ಮಂಗಗಳಿಂದ ಮಾರ್ಬುರ್ಗ್, ಫ್ರಾಂಕ್‌ಫರ್ಟ್, ಬೆಲ್‌ಗ್ರೇಡಿನಲ್ಲಿ 31 ಜನರಿಗೆ ಜ್ವರ ಬಂದು 7 ಜನ ತೀರಿಕೊಂಡರು. ಆ ವೈರಸ್ಸಿಗೆ ಮಾರ್ಬುರ್ಗ್ ಎಂದೇ ಹೆಸರು. ಎರಡು ಗುಡ್ಡದೂರುಗಳು, ಎರಡಕ್ಕೂ ಬೇಡದ ಕೀರ್ತಿ. ಊರಿನ, ಜನಾಂಗದ ಹೆಸರನ್ನು ಹೊಸ ಕಾಯಿಲೆಗಳಿಗೆ ಇಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ.

ಮಾರ್ಬುರ್ಗ್‌ನಲ್ಲಿ ಕಣ್ಣು ಕಾಣದವರ ದೊಡ್ಡ ವಿದ್ಯಾಸಂಸ್ಥೆ 1916ರಿಂದ ಇದೆ. ಹಾಗಾಗಿ ಸಿಗ್ನಲ್‌ಗಳು ಸದ್ದು ಮಾಡುತ್ತವೆ, ಕಾರ್ಯಕ್ರಮದ ಕರೆಯೋಲೆ ಅಕ್ಷರವಾಗಿಯೇ ಬರುತ್ತದೆ. ನಮ್ಮಲ್ಲಿ ವಾಟ್ಸ್‌ಆ್ಯಪಿಗೆ ಬಣ್ಣದ ಚಿತ್ರವೊಂದನ್ನು ಹಾಕಿ ಮುಗಿಸುತ್ತಾರೆ. ಫೋನಿನ ಓದುವ ದನಿಗೆ ಅದರೊಳಗಿನ ಅಕ್ಷರ ಬಹಳ ಸಲ ಸಿಗುವುದೇ ಇಲ್ಲ. ಚಿತ್ರದ ಕೆಳಗೆ ದಿನ, ಹೊತ್ತು, ಜಾಗ ಟೈಪ್ ಮಾಡಿ.

ಇಷ್ಟೆಲ್ಲ ಆದರೂ ರೂಮು ಸಿಗದಿದ್ದರೆ ಏನೂ ಆಗಲಿಲ್ಲ. ಜರ್ಮನಿಯಲ್ಲಿ 2006ರ ಸಮಾನ ವರ್ತನೆ ಕಾಯ್ದೆಯಡಿ ಜನಾಂಗದ ಕಾರಣಕ್ಕೆ ಬಾಡಿಗೆಗೆ ಕೊಡಲಾರೆ ಎನ್ನುವಂತಿಲ್ಲ. ಮಾಲೀಕರು ಅದೇ ಜಾಗದಲ್ಲಿ ತಾವೂ ವಾಸವಿದ್ದರೆ ವಿನಾಯಿತಿ ಇದೆ. ದೂರಿಗೆ ಎರಡೇ ತಿಂಗಳ ಗಡುವು, ಬಹಳ ಜನ ಸೋಲುವುದು ಅಲ್ಲೇ. ಜಾಹೀರಾತಿನ ಸ್ಕ್ರೀನ್‌ಶಾಟ್, ಫೋನ್ ಮಾಡಿದ ಹೊತ್ತು, ಆಮೇಲೆ ಸ್ಥಳೀಯ ಹೆಸರಿನ ಗೆಳೆಯರೊಬ್ಬರು ಅದೇ ಮನೆಗೆ ಕೇಳಿದಾಗ ಸಿಕ್ಕ ಉತ್ತರ, ಈ ಮೂರನ್ನು ಅದೇ ದಿನ ಬರೆದಿಡಬೇಕು.

ನಮ್ಮಲ್ಲಿ ಖಾಸಗಿ ಬಾಡಿಗೆಗೆ ಅಂಥ ಕಾಯ್ದೆಯಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2012ರಲ್ಲಿ ತಂದ ನಿಯಮಗಳು ಕೇಳಿದ ಸಮಾನ ಅವಕಾಶ ಕೋಶ, ತಾರತಮ್ಯ ವಿರೋಧಿ ಅಧಿಕಾರಿ ಕ್ಯಾಂಪಸ್ಸಿನ ಒಳಗಿನ ಮಾತು. ಹೊರಗಿನ ಓಣಿಯಲ್ಲಿ 'ರೂಮು ಖಾಲಿ ಇದೆ' ಎಂಬ ಬೋರ್ಡಿನ ಕೆಳಗೆ ನಿಂತ ಪರದೇಶಿ ಹುಡುಗನಿಗೆ 'ಈಗಷ್ಟೇ ಹೋಯ್ತು' ಎನ್ನುವ ಮಾಲೀಕರಲ್ಲಿ ಎಲ್ಲರೂ ದ್ವೇಷಿಗಳಲ್ಲ. ಪೊಲೀಸ್ ಸ್ಟೇಷನ್ನಿನ ಅಲೆದಾಟಕ್ಕೆ ಹೆದರಿದವರೂ ಇದ್ದಾರೆ. ಆ ಹೆದರಿಕೆಗೆ ಮದ್ದಿದೆ. ಹೊರದೇಶದವರು ಬಂದು ಉಳಿದ 24 ಗಂಟೆಯೊಳಗೆ ಮಾಲೀಕರು, ಫಾರ್ಮ್ ಸಿ ಎಂದೇ ಜನ ಕರೆಯುತ್ತ ಬಂದಿರುವ ವರದಿ ಫಾರ್ಮನ್ನು ತುಂಬಬೇಕು. ಅದನ್ನು ಆನ್‌ಲೈನಿನಲ್ಲೇ ತುಂಬಬಹುದು, ಪಾಸ್‌ಪೋರ್ಟ್, ವೀಸಾ ವಿವರ ಮತ್ತು ಫೋಟೊ ಸಾಕು. 180 ದಿನ ಮೀರಿದ ವಿದ್ಯಾರ್ಥಿ ವೀಸಾ ಇದ್ದರೆ ಬಂದ 14 ದಿನದೊಳಗೆ ನೋಂದಣಿ ವಿದ್ಯಾರ್ಥಿಯ ಕೆಲಸ, ಮಾಲೀಕರದ್ದಲ್ಲ. ವಿಶ್ವವಿದ್ಯಾಲಯದ ಹಾಸ್ಟೆಲ್ ಕಚೇರಿಯಲ್ಲಿ ಒಬ್ಬರು ಹತ್ತು ಮಾಲೀಕರ ಪಕ್ಕ ಕೂತು ಮೊದಲ ಸಲ ತುಂಬಿಸಿಕೊಟ್ಟರೆ, ಹನ್ನೊಂದನೆಯವರಿಗೆ ಅವರೇ ಹೇಳಿಕೊಡುತ್ತಾರೆ.

ಡಿಸೆಂಬರ್ 29ರ ವಿಶ್ವಮಾನವ ದಿನಕ್ಕೆ ಇದನ್ನೆಲ್ಲ ಜೋಡಿಸೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕ್ರಿಸ್‌ಮಸ್ಸಿಗೆ ಊರಿಗೆ ಹೋದ ವಿದ್ಯಾರ್ಥಿಗಳು ಆ ಹೊತ್ತಿಗೆ ವಾಪಸು ಬಂದಿರುವುದಿಲ್ಲ. ಹೊಸಬರು ಬಂದಿಳಿಯುವ ವಾರವೇ ಸರಿ, ರೂಮು ಹುಡುಕುವ ಹೊತ್ತು ಅದು. ಮಾಲೀಕರಿಗೆ ಕೊಡುವ ಫಾರ್ಮ್ ಸಿ ಹಾಳೆ ಒಂದೇ ಪುಟ ಇರಲಿ, ಕೆಳಗೆ ಕಚೇರಿಯ ಫೋನ್ ನಂಬರು ದಪ್ಪಕ್ಷರದಲ್ಲಿರಲಿ, ಪೂರ್ತಿ ಕನ್ನಡದಲ್ಲಿರಲಿ. ಇಂಗ್ಲಿಷಿನದಾದರೆ ಅದು ಗೋಡೆಯ ಕ್ಯಾಲೆಂಡರಿನ ಹಿಂದೆ ಸೇರಿ ಅಲ್ಲೇ ಉಳಿಯುತ್ತದೆ.