ಅಂಗಳದ ಏರೋಪ್ಲೇನ್ ಚಿಟ್ಟೆ ಎಲ್ಲಿಯವರೆಗೆ ಹೋಗುತ್ತದೆ?

ಮೊನ್ನೆ ನಾಲ್ಕು ದಿನದ ಮಳೆ ಬಿಟ್ಟು ಸಂಜೆ ಹೊಳವಾಯಿತು. ಹೊಸನಗರದ ನಮ್ಮ ಮನೆ ಅಂಗಳದ ಮೇಲೆ ನೂರಾರು ಏರೋಪ್ಲೇನ್ ಚಿಟ್ಟೆಗಳು. ಆಳೆತ್ತರದಲ್ಲಿ ಅತ್ತ ಹೋಗುತ್ತವೆ, ಇತ್ತ ಬರುತ್ತವೆ, ಒಂದೂ ಕೂರುವುದಿಲ್ಲ. "ಇವು ಬಂದ್ವಲ್ಲ, ಇನ್ನೆರಡು ದಿನ ಮಳೆ ಇಲ್ಲ. ಬಟ್ಟೆ ಹೊರಗೆ ಹಾಕು" ಅಂದರು ಅಮ್ಮ.

ಕತ್ತಲಾಗುವ ಹೊತ್ತಿಗೆ ದಾಸವಾಳದ ಕಡ್ಡಿಗೆ ಒಂದು ಜೋತುಬಿದ್ದಿರುವುದು ಕಂಡಿತು. ಇವು ಕಡ್ಡಿಯ ಮೇಲೆ ಅಡ್ಡ ಕೂರುವುದಿಲ್ಲ, ಹೀಗೆ ನೇರ ಕೆಳಕ್ಕೆ ನೇತಾಡುತ್ತವೆ. ಟಾರ್ಚ್ ಹಿಡಿದು ತುಂಬಾ ಹೊತ್ತು ನೋಡಿದೆ. ಉದ್ದ ನಾಲ್ಕೂವರೆ ಸೆಂಟಿಮೀಟರ್ ಇರಬಹುದು. ಮೈ ಹಳದಿ, ಹಣ್ಣಡಿಕೆಗೆ ಹತ್ತಿರದ ಬಣ್ಣ. ಬಾಲದ ಬೆನ್ನಿನ ಮೇಲೆ ಕಪ್ಪು ಗುರುತು. ಬಲಿತ ಗಂಡಿಗೆ ಅಲ್ಲಿ ಕೆಂಪು ಏರುತ್ತದೆ. ತಲೆಯ ಮುಕ್ಕಾಲು ಪಾಲು ಕೆಂಗಂದು ಕಣ್ಣುಗಳೇ. ಆದರೆ ನೋಡಬೇಕಾದದ್ದು ಹಿಂದಿನ ರೆಕ್ಕೆ. ಬುಡದಲ್ಲಿ ಎಷ್ಟು ಅಗಲ! ಬಡಿಯದೆ ಸುಮ್ನೆ ಗಾಳಿಯಲ್ಲಿ ತೇಲಿಕೊಂಡು ಹೋಗಲು ಈ ಅಗಲವೇ ಆಧಾರ.

ಹೆಸರು ಪ್ಯಾಂಟಾಲಾ ಫ್ಲೇವಸೆನ್ಸ್. ಇದು ನಮ್ಮೂರಿನದು ಅಂತಲೇ ನಾನು ಅಂದುಕೊಂಡಿದ್ದೆ. ಅಂಟಾರ್ಟಿಕಾ ಬಿಟ್ಟು ಎಲ್ಲ ಖಂಡಗಳಲ್ಲೂ ಇದೆ. ಪೆಸಿಫಿಕ್ ನಡುವಿನ ಈಸ್ಟರ್ ದ್ವೀಪದಲ್ಲೂ ಇದೆ. ಹಿಮಾಲಯದಲ್ಲಿ 6,200 ಮೀಟರ್ ಎತ್ತರದಲ್ಲಿ ಹಾರುವುದನ್ನು ಕಂಡವರಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾಲ್ಡೀವ್ಸ್ ಸಂಗತಿ. ಅಲ್ಲಿ ಮೊಟ್ಟೆಯಿಡಲು ಕೆರೆ ಹೊಳೆ ಇಲ್ಲವೆಂದೇ ಹೇಳಬೇಕು. ಆದರೂ ಪ್ರತಿ ಅಕ್ಟೋಬರ್‌ನಲ್ಲಿ ಲೆಕ್ಕವಿಲ್ಲದಷ್ಟು ಬಂದಿಳಿಯುತ್ತವೆ. ಅಲ್ಲೇ ನೆಲೆಸಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ ವರ್ಷಗಟ್ಟಲೆ ಇವನ್ನು ಗಮನಿಸಿ 2009ರಲ್ಲಿ ಬರೆದರು: ಇವು ಭಾರತದಿಂದ ಹೊರಟು, ಸಮುದ್ರ ದಾಟಿ, ಪೂರ್ವ ಆಫ್ರಿಕಾಕ್ಕೆ ಹೋಗುತ್ತಿವೆ. ಅಲ್ಲಿ ಮಳೆಗಾಲ ಶುರುವಾಗುವ ಹೊತ್ತದು. ಮಳೆಯ ಬೆನ್ನು ಹತ್ತಿದ ಪ್ರಯಾಣ, ಅಲ್ವಾ? ಹೋದದ್ದೇ ತಿರುಗಿ ಬರುವುದಿಲ್ಲ. ಮಕ್ಕಳು, ಮೊಮ್ಮಕ್ಕಳು ಬರಬೇಕು.

ಇವಕ್ಕೆ ದೊಡ್ಡ ಕೆರೆ ಬೇಕಿಲ್ಲ. ಜಂಬಿಟ್ಟಿಗೆ ಕಲ್ಲು ತೆಗೆದ ಹೊಂಡದಲ್ಲಿ ನಿಂತ ಮಳೆನೀರು ಸಾಕು. ಮರಿಗಳು ನೀರಲ್ಲೇ ಸೊಳ್ಳೆಮರಿ ಹಿಡಿದು ತಿಂದು, ಒಂದೂವರೆ ಎರಡು ತಿಂಗಳಲ್ಲಿ, ಹೊಂಡ ಒಣಗುವ ಮೊದಲೇ ರೆಕ್ಕೆ ಪಡೆಯುತ್ತವೆ.

ಮಾರನೇ ದಿನ ಹೆಣ್ಣೊಂದು ನಮ್ಮ ಕಾರಿನ ಬಾನೆಟ್ಟಿಗೆ ಬಾಲ ತಾಗಿಸುತ್ತಿತ್ತು. ಹೊಳೆಯುವುದನ್ನು ನೀರೆಂದು ತಿಳಿದು ಮೊಟ್ಟೆ ಇಡುತ್ತಿತ್ತು. ಬಿಸಿಲಿಗೆ ಅಷ್ಟೂ ಹಾಳು. ತುಂಬಾ ಸಂಕಟವಾಯಿತು. ಟಾರ್ಪಾಲು ಹೊದಿಸಿದರೆ ಅದೂ ಹೊಳೆಯುತ್ತದೆ. ಅಮ್ಮನ ಹತ್ತಿರ ಹಳೇ ಜಮಖಾನ ಕೇಳಿ ಹೊದಿಸಿದೆ. ಅದು ಎರಡು ಸುತ್ತು ಹಾಕಿ, ಬೇಲಿ ದಾಟಿ, ಕಲ್ಲಿನ ಹೊಂಡದ ಕಡೆ ಹೋಯಿತು.