ಹೊಗೆ ಹೊರಗೆ ಹೋಗುವವರೆಗೆ

ಅಮೆರಿಕದ ವರ್ಮಾಂಟಿನ ಅಕ್ಟೋಬರ್ ಮಳೆ ನಮ್ಮ ಆಷಾಢದ ಮಳೆಯ ಮುಂದೆ ಏನೂ ಅಲ್ಲ. ಆದರೂ ಕಳೆದ ವಾರ ರಾತ್ರಿ ಎರಡು ಗಂಟೆಗೆ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದು ಅದೇ. ಕೆಳಗಿನ ಕೋಣೆಯ ಕಬ್ಬಿಣದ ಒಲೆಯ ಮೇಲೆ 'ಚುಂಯ್' ಎಂದು ಸದ್ದಾಯಿತು, ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ಟಾರ್ಚು ಹಿಡಿದು ನೋಡಿದರೆ ಹೊಗೆಕೊಳವೆಯ ಮೈಮೇಲೆ ನೀರಿನ ಗೆರೆ ಇಳಿಯುತ್ತಿತ್ತು. ಕೊಳವೆ ತಗಡಿನ ಮಾಡನ್ನು ದಾಟಿ ಹೋಗುವ ಜಾಗದಲ್ಲಿ ಸೋರಿಕೆ.

ಪಕ್ಕದ ಮನೆಯ ಹಿರಿಯರು ಬದುಕಿನುದ್ದಕ್ಕೂ ತಗಡಿನ ಮಾಡು ಹೊದಿಸುವ ಕೆಲಸ ಮಾಡಿದವರು. ಶನಿವಾರ ಬಿಸಿಲು ಬಂದ ಕೂಡಲೇ ತಮ್ಮ ಏಣಿಯನ್ನು ತಾವೇ ಹೊತ್ತು ಬಂದರು. ಕೊಳವೆಯ ಬುಡಕ್ಕೆ ತೊಡಿಸುವ ರಬ್ಬರಿನ ಕವಚವನ್ನು ಇಲ್ಲಿ ಬೂಟ್ ಎನ್ನುತ್ತಾರೆ. ನಮ್ಮದು ಕಪ್ಪು ರಬ್ಬರಿನದು, ಬಚ್ಚಲಿನ ಗಾಳಿಕೊಳವೆಗಳಿಗೆ ಹಾಕುವಂಥದು. ಒಲೆಯ ಕೊಳವೆಯ ಕಾವನ್ನು ಅದು ವರ್ಷಾನುಗಟ್ಟಲೆ ತಡೆಯುವುದಿಲ್ಲ. ಗಡುಸಾಗಿ ಬಿರುಕು ಬಿಡುತ್ತದೆ. ಬಿರುಕಿನ ಮೇಲೆ ಹಿಂದಿನ ಯಾರೋ ಡಾಂಬರು ಬಳಿದಿದ್ದರು. ಅದೂ ಒಡೆದಿತ್ತು.

ಬದಲಿಗೆ ತಂದದ್ದು ಕೆಂಪು ಸಿಲಿಕೋನ್ ಬೂಟ್. 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲೂ ಅದು ಮೆತ್ತಗೆ ಉಳಿಯುತ್ತದೆ. ಒಂದು ಬದಿ ಬಿಚ್ಚಿಕೊಳ್ಳುವ ಬಗೆಯದಾದ್ದರಿಂದ ಕೊಳವೆಯನ್ನು ಕಳಚದೆಯೇ ಸುತ್ತಿ ಮುಚ್ಚಬಹುದು. ಅದರ ಚೌಕ ಬುಡವನ್ನು ಅವರು ನೇರವಾಗಿ ಇಡಲಿಲ್ಲ. ಒಂದು ಮೂಲೆ ಮಾಡಿನ ನೆತ್ತಿಯ ಕಡೆಗೆ ಬರುವಂತೆ ತಿರುಗಿಸಿ ಇಟ್ಟರು. ನೇರವಾಗಿಟ್ಟರೆ ಇಳಿದು ಬರುವ ನೀರು ಅಡ್ಡ ಅಂಚಿಗೆ ಬಡಿದು ನಿಲ್ಲುತ್ತದೆ. ಮೂಲೆ ಮೇಲಿದ್ದರೆ ಎರಡಾಗಿ ಸೀಳಿ ಬಳಸಿಕೊಂಡು ಹೋಗುತ್ತದೆ. ಬುಡದ ಅಲ್ಯೂಮಿನಿಯಂ ಪಟ್ಟಿಯನ್ನು ತಗಡಿನ ಪ್ರತಿ ಉಬ್ಬುಗೆರೆಗೂ ಬೆರಳಿನಿಂದಲೇ ಒತ್ತಿ ಒತ್ತಿ ಬಗ್ಗಿಸಿದರು. ಅಡಿಯಲ್ಲಿ ಅಂಟು ಹಚ್ಚುವಾಗ ನನ್ನ ಕೈಯ ಟ್ಯೂಬನ್ನು ಮೂಸಿ ನೋಡಿ ಪಕ್ಕಕ್ಕಿಟ್ಟರು. ವಿನೆಗರ್ ವಾಸನೆಯ ಸಿಲಿಕೋನ್ ತಗಡಿನ ಸತುವನ್ನು ತಿನ್ನುತ್ತದೆಯಂತೆ. ಬೂಟಿನ ಮೇಲೆ ಮಳೆಕೊರಳು ಎನ್ನಬಹುದಾದ ಇನ್ನೊಂದು ಲೋಹದ ಬಳೆ. ಕೊನೆಗೆ ಟೇಪು ಹಿಡಿದು ಎತ್ತರ ಅಳೆದರು: ಕೊಳವೆ ಮಾಡಿನಿಂದ ಕನಿಷ್ಠ ಮೂರು ಅಡಿ ಮೇಲಿರಬೇಕು, ಹತ್ತು ಅಡಿ ಆಸುಪಾಸಿನ ಯಾವುದಕ್ಕಿಂತಲೂ ಎರಡು ಅಡಿ ಎತ್ತರ ಇರಬೇಕು.

ಅಟ್ಟದೊಳಗೆ ಕೊಳವೆಗೂ ಮರದ ತೊಲೆಗೂ ನಡುವೆ ಎರಡು ಅಂಗುಲದ ಸಂದು ಇದೆ. ಅಲ್ಲಿ ಏನನ್ನಾದರೂ ತುಂಬಿಬಿಡೋಣವೇ ಎಂದು ಕೇಳಿದೆ. "ಬೇಡ. ಮನೆ ಸುಡದಿರುವುದು ಆ ಸಂದಿನಿಂದಲೇ" ಎಂದರು.

ಕೆಳಗೆ ನಿಂತು ಮೊಳೆಯ ಡಬ್ಬಿ ಹಿಡಿದುಕೊಂಡಿದ್ದ ಮಗಳು ಇದೆಲ್ಲವನ್ನೂ ಕೇಳಿಸಿಕೊಂಡಿದ್ದಳು. ಎರಡನೆಯ ತರಗತಿ.

"ಅಪ್ಪಾ, ಅಜ್ಜಿ ಮನೆಯ ಮಾಡಿನ ಮೇಲೆ ಕೊಳವೆಯೇ ಇಲ್ಲವಲ್ಲ. ಹೊಗೆ ಹೇಗೆ ಹೊರಗೆ ಹೋಗುತ್ತದೆ?"

"ಮಾಡಿನ ಸಂದಿಯಿಂದ ನಿಧಾನವಾಗಿ ಹೋಗುತ್ತದೆ ಮಗಳೇ."

"ಅಲ್ಲಿಯವರೆಗೆ ಅಜ್ಜಿ ಏನು ಮಾಡುತ್ತಾರೆ?"

ನಾನು ಏಣಿಯ ಮೇಲೆಯೇ ನಿಂತುಬಿಟ್ಟೆ.

ತೀರ್ಥಹಳ್ಳಿಯ ಆಚೆ, ಆಗುಂಬೆಯ ದಿಕ್ಕಿನ ನಮ್ಮ ಮನೆಯಲ್ಲೂ ಒಂದು ಕೊಳವೆ ಇತ್ತು. 1987ರಲ್ಲಿ ನಾನೂ ಎರಡನೆಯ ತರಗತಿಯಲ್ಲಿದ್ದೆ. ಆ ವರ್ಷ ಅಡುಗೆಮನೆಗೆ ಅಸ್ತ್ರ ಒಲೆ ಬಂತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರು 1974ರಲ್ಲಿ ಕಟ್ಟಿದ, ಹಳ್ಳಿಗಳಿಗಾಗಿ ತಂತ್ರಜ್ಞಾನ ರೂಪಿಸುವ ಅಸ್ತ್ರ ಕೇಂದ್ರದ ವಿನ್ಯಾಸ: ಒಂದೇ ಬೆಂಕಿಗೆ ಮೂರು ಪಾತ್ರೆ, ಕಡಿಮೆ ಸೌದೆ, ಹೊಗೆಗೆ ಪ್ರತ್ಯೇಕ ದಾರಿ. ಅಮ್ಮ ಊದುಗೊಳವೆಯನ್ನು ಮೂಲೆಗಿಟ್ಟಿದ್ದು ನನಗೆ ನೆನಪಿದೆ. ಗಾಜಿನ ಹೆಂಚಿನಿಂದ ಬೀಳುವ ಬಿಸಿಲಕೋಲಿನಲ್ಲಿ ಸದಾ ಸುರುಳಿ ಸುತ್ತುತ್ತಿದ್ದ ಹೊಗೆ ಕಾಣಿಸದಾದಾಗ ನನಗೆ ಬೇಸರವೂ ಆಗಿತ್ತು.

ಒಲೆಯಲ್ಲಿ ತಪ್ಪಿರಲಿಲ್ಲ. ಕೊಳವೆ ಹೊರಬರಲೆಂದು ಒಂದು ಹೆಂಚು ತೆಗೆದು, ಸುತ್ತ ಸಿಮೆಂಟು ಮೆತ್ತಿದ್ದರು. ಕಾವಿಗೆ ಕೊಳವೆ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ, ಸಿಮೆಂಟು ಜಗ್ಗುವುದಿಲ್ಲ. ಜುಲೈ ಹೊತ್ತಿಗೆ ಬಿರುಕಿನಿಂದ ನೀರು ಹೆಂಚು ಹೊತ್ತ ಮರದ ಪಕಾಸಿಗೆ ಇಳಿಯಿತು. ಅಪ್ಪಯ್ಯ ಅಡಿಕೆ ಹಾಳೆ ಸಿಕ್ಕಿಸಿದರು, ಗೋಣಿಚೀಲ ತುರುಕಿದರು. ಮರುವರ್ಷ ಮಳೆಗೆ ಮೊದಲೇ ಕೊಳವೆಯನ್ನು ಕಿತ್ತು, ಹೆಂಚು ಹೊದಿಸಿ, ಒಲೆಯ ತೂತಿಗೆ ಮಣ್ಣು ಮೆತ್ತಿದರು. ಹೊಗೆಯಿದ್ದರೆ ಪಕಾಸಿಗೆ ಹುಳು ಹಿಡಿಯುವುದಿಲ್ಲ, ಅಟ್ಟದ ಬಿತ್ತನೆ ಬೀಜವೂ ಕೆಡುವುದಿಲ್ಲ ಎಂದು ಮನೆಗೆ ಬಂದವರೆಲ್ಲ ತಲೆಯಾಡಿಸಿದರು. ಆ ಮಾತು ಸುಳ್ಳೂ ಅಲ್ಲ.

ಆದರೆ ಅದೇ ಬೇಸಿಗೆಯಲ್ಲಿ ಅಡಿಕೆ ಒಣಗಿಸುವ ಚಪ್ಪರಕ್ಕೆ ಹೊಸ ತಗಡು ಬಂದಿತ್ತು. ಅದರ ಒಂದೊಂದು ತೂತಿಗೂ ವಾಷರು ಹಾಕಿಸಿ, ಎದುರು ನಿಂತು ಬೋಲ್ಟು ಬಿಗಿಸಿದ್ದರು ಅಪ್ಪಯ್ಯ. ಅಡಿಕೆಗೆ ಒಂದು ಹನಿ ತಾಗಬಾರದೆಂಬ ಎಚ್ಚರದಲ್ಲಿ ನಾಲ್ಕಾಣೆಯಷ್ಟು ಅಡುಗೆಮನೆಯ ಕಡೆಗೆ ತಿರುಗಿದ್ದರೆ ಸಾಕಿತ್ತು. ಒಂದು ಹಾಳೆ ಸೀಸದ ತಗಡು, ಒಬ್ಬ ಒಳ್ಳೆಯ ಕೆಲಸಗಾರ, ಅರ್ಧ ದಿನ. ಅಪ್ಪಯ್ಯ ಕೆಟ್ಟವರಲ್ಲ, ಅಮ್ಮನ ಮೇಲೆ ಪ್ರೀತಿಯಿಲ್ಲದವರೂ ಅಲ್ಲ. ಪಕಾಸು ಕೊಳೆಯುವುದು ನಮ್ಮೆಲ್ಲರ ಕಣ್ಣಿಗೆ ಕಂಡಿತು. ಒಲೆಯ ಮುಂದೆ ಕೂತವಳ ಕೆಂಪು ಕಣ್ಣು ಹುಟ್ಟಿದಾರಭ್ಯ ಕಂಡದ್ದೇ ಆದ್ದರಿಂದ ಕಾಣಿಸಲಿಲ್ಲ. ನನಗೂ ಕಾಣಿಸಲಿಲ್ಲ. ಈಗ ಅಡುಗೆಗೆ ಗ್ಯಾಸ್ ಇದೆ. ಬಚ್ಚಲಿನ ಹಂಡೆಗೆ ಮಾತ್ರ ಇವತ್ತಿಗೂ ಸೌದೆಯೇ, ಮೇಲೆ ತಗಡಿನ ಮಾಡು, ಹೊಗೆಗೆ ಪ್ರತ್ಯೇಕ ದಾರಿಯಿಲ್ಲ. ಫೋನಿನಲ್ಲಿ ಮಾತಾಡುವಾಗ ಅಮ್ಮ ನಡುನಡುವೆ ಕೆಮ್ಮುತ್ತಾರೆ.

ಭಾನುವಾರ ಅಂಗಡಿಗೆ ಹೋಗಿ ಇನ್ನೊಂದು ಕೆಂಪು ಬೂಟ್ ಕೊಂಡೆ. ಡಿಸೆಂಬರಿಗೆ ಊರಿಗೆ ಹೋಗುವಾಗ ಪೆಟ್ಟಿಗೆಯಲ್ಲಿ ಒಯ್ಯುತ್ತೇನೆ. ರಾತ್ರಿ ಅಮ್ಮನಿಗೆ ಫೋನು ಮಾಡಿ ಬಚ್ಚಲಿನ ತಗಡಿನ ಅಳತೆ ಕೇಳಿದೆ, ಯಾಕೆಂದು ಹೇಳಬೇಕಾಯಿತು. ಆ ಹಳೆಯ ಕೊಳವೆ ನಿಮಗೆ ನೆನಪಿದೆಯೇ ಎಂದೆ.

"ನೆನಪಿಲ್ಲದೆ ಏನು? ಆ ವರ್ಷ ದೀಪಾವಳಿಗೆ ಅಡುಗೆಮನೆಗೆ ಸುಣ್ಣ ಹೊಡೆದಿದ್ದೆ" ಎಂದರು ಅಮ್ಮ. "ಯುಗಾದಿಯವರೆಗೂ ಗೋಡೆ ಬೆಳ್ಳಗೇ ಇತ್ತು ಮಾರಾಯ."